ಟವರಿನ ಮೇಲಿಂದ ಕಾಣದ ದೊಣೆ

ಗುಡ್ಡದ ನೆತ್ತಿಯ ಮೇಲಿರುವ ಕಾವಲು ಟವರಿಗೆ ನಲವತ್ತೊಂದು ಮೆಟ್ಟಿಲು. ಕಬ್ಬಿಣದವು. ಹದಿನೇಳನೆಯದು ಸಡಿಲವಾಗಿದೆ, ಕಾಲಿಟ್ಟರೆ ಕಿರ್ರೆನ್ನುತ್ತದೆ. ಒಂಬತ್ತು ವರ್ಷ, ಜೋರು ಮಳೆಯ ವಾರಗಳನ್ನೂ ಮದುವೆ ಮುಂಜಿಗಳ ವಾರಗಳನ್ನೂ ಬಿಟ್ಟು, ಪ್ರತಿ ಭಾನುವಾರ ಅದನ್ನು ಹತ್ತಿದ್ದೇನೆ. ಈ ಲೆಕ್ಕವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಎಣಿಸದೆ, ಅಳೆಯದೆ ಮಾತಾಡುವವನಲ್ಲ ಎಂಬುದು ಊರಿಗೆ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅದನ್ನು ಬಳಸಿಕೊಂಡ.

ನಾನು ಗುಡ್ಡದ ಬುಡದ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಗಂಗಾವತಿಯಲ್ಲಿ. ಮಕ್ಕಳು ಉತ್ತರ ಹೇಳುವಾಗ ‘ಸುಮಾರು’ ಎಂದರೆ ನಿಲ್ಲಿಸಿ ಮತ್ತೆ ಲೆಕ್ಕ ಮಾಡಿಸುತ್ತೇನೆ. ಬೆನ್ನ ಹಿಂದೆ ಅವರು ನನ್ನನ್ನು ಸುಮಾರು ಮಾಸ್ತರ ಎನ್ನುತ್ತಾರೆ. ಅದನ್ನು ಬಳಸಿಕೊಂಡವನು ನನ್ನ ಗೆಳೆಯ, ಆ ಗುಡ್ಡದ ಕಾವಲುಗಾರ. ಕಾಡಿಗೆ ಬೆಂಕಿ ಬೀಳದಂತೆ, ಮರ ಕಡಿಯದಂತೆ ನೋಡಿಕೊಳ್ಳುವ ಕೆಲಸ, ದಿನಗೂಲಿಯ ಮೇಲೆ. ಐದನೆಯ ತರಗತಿಯಿಂದ ಹತ್ತನೆಯವರೆಗೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು. ನನಗೆ ಈ ಊರಿಗೆ ವರ್ಗವಾದಾಗ, ಮೊದಲ ವಾರವೇ ಶಾಲೆಯ ಗೇಟಿನ ಹತ್ತಿರ ಬಂದು ನಿಂತು, "ಲೇ ಮಾಸ್ತರ, ಬರೇ ಬೋರ್ಡ್ ನೋಡಿ ಕಣ್ಣು ಹಾಳಾಗ್ಯಾವು. ಭಾನುವಾರ ಬಾ, ನಿನಗ ದೂರ ನೋಡೋದು ಕಲಸ್ತೀನಿ" ಎಂದಿದ್ದ.

ಕಲಿಸಿದ್ದೂ ನಿಜ. ಹುತ್ತವನ್ನು ಉಗುರಿನಿಂದ ಸೀಳಿದ್ದರೆ ಕರಡಿ ಬಂದಿತ್ತೆಂದು, ಕವಳಿ ಗಿಡಗಳ ನಡುವೆ ಸುಮ್ಮನೆ ನಡೆಯಬಾರದು, ಮಾತಾಡುತ್ತಲೋ ಕೋಲಿನಿಂದ ಕಲ್ಲು ಬಡಿಯುತ್ತಲೋ ಹೋಗಬೇಕೆಂದು ಅವನಿಂದಲೇ ತಿಳಿದೆ. ಗುಡ್ಡದ ಬುಡದಲ್ಲಿ ಒಂದು ಕುರಿಹಟ್ಟಿ ಇತ್ತು. ಮುಳ್ಳಿನ ಬೇಲಿ, ಎರಡು ತಾಡಪಾಲಿನ ಗುಡಿಸಲು, ಗಂಡ ಹೆಂಡತಿ, ಕುರಿಗಳು, ನಾಲ್ಕು ಆಡು. ಬೆಳಗಿನ ಐದೂವರೆಗೆ ನಾವು ಅಲ್ಲಿ ಸೇರುತ್ತಿದ್ದೆವು. ಆ ತಾಯಿ ಆಡಿನ ಹಾಲಿನ ಚಹಾ ಕೊಡುತ್ತಿದ್ದಳು. ಅವಳ ಮಗಳು ನನ್ನ ಶಾಲೆಯಲ್ಲೇ ಹತ್ತನೆಯ ತರಗತಿ ಮುಗಿಸಿದವಳು, ಈಗ ಕನಕಗಿರಿ ಕಡೆ ಮದುವೆಯಾಗಿ ಹೋಗಿದ್ದಾಳೆ.

ಹಟ್ಟಿಯಿಂದ ಅರ್ಧ ಗಂಟೆ ಬಂಡಿದಾರಿ. ಆಮೇಲೆ ಸೀತಾಫಲದ ಪೊದೆ, ಕವಳಿ, ಜಾಲಿ, ಅಲ್ಲಲ್ಲಿ ಎತ್ತರದ ದಿಂಡಲ ಮರ. ಮುಂದೆ ಗುಂಡುಗಲ್ಲುಗಳ ನಡುವೆ ಮೈ ಅಡ್ಡ ಮಾಡಿಕೊಂಡು ಹೋಗುವ ಸಂದಿ. ಸಂದಿಯಿಂದ ಹೊರಬಿದ್ದರೆ ಮೊಳಕಾಲೆತ್ತರದ ಹುಲ್ಲು, ಹುಲ್ಲಿನ ಕೊನೆಗೆ ನೆತ್ತಿ. ನನ್ನ ನಡಿಗೆಗೆ ಒಂದು ಗಂಟೆ ನಲವತ್ತು ನಿಮಿಷ. ಟವರಿನ ಮೇಲೆ ಅವನ ಫ್ಲಾಸ್ಕಿನಿಂದ ಎರಡನೆಯ ಚಹಾ. ಮೂಡಣಕ್ಕೆ ಕಾರಟಗಿಯವರೆಗೂ ಹಬ್ಬಿದ ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಚಿಮಣಿ. ತೆಂಕಣಕ್ಕೆ ಕಲ್ಲುಗುಡ್ಡಗಳ ನಡುವೆ ಹೊಳೆಯ ಒಂದು ತುಂಡು, ವಿರೂಪಾಪುರಗಡ್ಡೆಯ ಹಸಿರು. ಬಡಗಣಕ್ಕೆ ಕುಷ್ಟಗಿ, ಯಲಬುರ್ಗಾ ಕಡೆಯ ಕೆಂಪು ಕಪ್ಪು ಹೊಲ, ಅಲ್ಲಿ ಕಾಲುವೆ ಇಲ್ಲ. ಅವನು ಒಂದೊಂದು ದಿಕ್ಕಿಗೂ ಕೈಮಾಡಿ ಏನೇನೋ ಹೇಳುತ್ತಿದ್ದ. ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಚಹಾದ ಆವಿ ಕನ್ನಡಕಕ್ಕೆ ಹತ್ತಿ ಆಗಾಗ ಒರೆಸಿಕೊಳ್ಳುತ್ತಿದ್ದೆ. ಈ ಹ್ಞೂಂ, ಈ ಕನ್ನಡಕ, ಎರಡೂ ಮುಂದೆ ಬರುತ್ತವೆ.

ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಹುಲ್ಲು ಒಣಗಿ ಬಿಳಿಚಿಕೊಂಡಿತ್ತು. ಆ ಭಾನುವಾರ ಟವರಿನ ಮೇಲೆ ಚಹಾ ಸುರಿಯುತ್ತಿದ್ದವನು ಕೈ ನಿಲ್ಲಿಸಿದ. "ಹೊಗಿ" ಎಂದ. ಪಡುವಣ ಇಳಿಜಾರಿನಲ್ಲಿ ಎಮ್ಮೆಗುಂಡು ಎಂದು ಕರೆಯುವ ದೊಡ್ಡ ಬಂಡೆಗಲ್ಲಿದೆ. ಮಲಗಿದ ಎಮ್ಮೆಯ ಬೆನ್ನಿನಂತೆ ಕಾಣುತ್ತದೆ. ಆ ಬೆನ್ನಿನ ಆಚೆಯಿಂದ ಹೊಗೆ ಏಳುತ್ತಿತ್ತು. ಗಡಿಯಾರ ನೋಡಿದೆ, ಎಂಟಕ್ಕೆ ನಾಲ್ಕು ನಿಮಿಷ. ಅವನು ಅರಣ್ಯ ಕಚೇರಿಗೆ ಫೋನು ಮಾಡಿದ. ಇಬ್ಬರೂ ಓಡಿ ಇಳಿದೆವು.

ಎಮ್ಮೆಗುಂಡಿನ ಹಿಂದೆ ಬಂಡೆಯಲ್ಲಿ ನೀರು ನಿಲ್ಲುವ ತಗ್ಗೊಂದಿದೆ. ಅದನ್ನು ಎಲ್ಲರೂ ಕುರಿದೊಣೆ ಎನ್ನುತ್ತಾರೆ. ಬೆಂಕಿ ಅದರ ದಂಡೆಯ ಹುಲ್ಲಿನಿಂದ ಹೊರಟು ಮೇಲಕ್ಕೆ ಹತ್ತುತ್ತಿತ್ತು. ಹಸಿ ಟೊಂಗೆ ಮುರಿದುಕೊಂಡು ಬಡಿಯತೊಡಗಿದೆವು. ಹತ್ತು ನಿಮಿಷವಾಗಿರಬೇಕು, ಇಲ್ಲಿ ಗಡಿಯಾರ ನೋಡಲಿಲ್ಲ. ಕೆಳಗಿನ ದಾರಿಯಿಂದ ಹಟ್ಟಿಯ ಕುರಿಗಾರ ಏದುಸಿರು ಬಿಡುತ್ತ ಬಂದ. ಹೆಗಲ ಕಂಬಳಿ ತೆಗೆದು ದೊಣೆಯಲ್ಲಿ ಅದ್ದಿ, ತೋಯ್ದ ಕಂಬಳಿಯಿಂದ ಬೆಂಕಿ ಬಡಿದ. ನಮ್ಮಿಬ್ಬರ ಟೊಂಗೆಗಳಿಗಿಂತ ಅವನೊಬ್ಬನ ಕಂಬಳಿಯೇ ಹೆಚ್ಚು ಆರಿಸಿತು. ಕಚೇರಿಯವರು ಬಂದು ತಲುಪುವ ಹೊತ್ತಿಗೆ ಎರಡು ಹೊಲದಷ್ಟು ಜಾಗ ಕರಿಯಾಗಿ ಹೊಗೆಯಾಡುತ್ತಿತ್ತು. ಕುರಿಗಾರನ ಬಲಗೈ ಮುಂಗೈಯಿಂದ ಮೊಳಕೈವರೆಗೆ ಬೊಬ್ಬೆ ಎದ್ದಿತ್ತು. ಕಂಬಳಿಯಲ್ಲಿ ಅಂಗೈ ಅಗಲದ ತೂತು.

"ಕೈ ಸುಟ್ಟೈತಲ್ಲೋ ಯಜಮಾನ" ಎಂದೆ.

"ಸುಡ್ಲಿ ಬಿಡ್ರಿ. ದೊಣಿ ಸುತ್ತಲ ಹುಲ್ಲು ಹ್ವಾದ್ರ ನನ್ನ ಕುರಿ ನಿಮ್ಮ ಸಾಲ್ಯಾಗ ಉಪ್ಪಿಟ್ಟು ತಿನ್ನಾಕ ಬರ್ತಾವು" ಎಂದು ನಕ್ಕ.

ಕಂಡ ಇನ್ನೊಂದನ್ನು ಹೇಳಬೇಕು. ದೊಣೆಯ ದಂಡೆಯಲ್ಲಿ ಒಲೆಯಂತೆ ಹೂಡಿದ ಮೂರು ಕಲ್ಲುಗಳಿದ್ದವು. ನಡುವೆ ಅರ್ಧ ಸುಟ್ಟ ಒಂದು ಕೊರಡು. ಪಕ್ಕದಲ್ಲಿ ಕಾಗದದ ಊಟದ ತಟ್ಟೆಗಳ ಅಂಚುಗಳು, ಮಧ್ಯ ಸುಟ್ಟು ಅಂಚಷ್ಟೇ ಉಳಿದವು. ನನ್ನ ಗೆಳೆಯ ಆ ಮೂರು ಕಲ್ಲುಗಳನ್ನು ಕಾಲಿನಿಂದ ಒದ್ದು ಮೂರು ಕಡೆ ಉರುಳಿಸಿದ. ಕೆಂಡ ಉಳಿದಿರಬಾರದೆಂದು ಒದೆಯುತ್ತಿದ್ದಾನೆ ಎಂದುಕೊಂಡೆ. ಅವನು ಜಾಗರೂಕ ಮನುಷ್ಯ ಎಂದು ಆ ಗಳಿಗೆಯಲ್ಲಿ ಮೆಚ್ಚಿಕೊಂಡದ್ದೂ ನೆನಪಿದೆ.

ಇಳಿಯುವಾಗ ಬಂಡಿದಾರಿಯ ಹತ್ತಿರ ಅವನು ಚೀಲದಿಂದ ಒಂದು ಬಿಳಿ ಹಾಳೆ ತೆಗೆದ. ಪಂಚನಾಮೆ ಆಗಬೇಕಂತೆ. ನಡೆದ ಜಾಗದಲ್ಲಿ ಏನು ಕಂಡಿತೆಂದು ಬರೆದು, ಕಂಡವರ ಸಹಿ ಪಡೆಯುವ ಕಾಗದ ಅದು. ಅದನ್ನು ಬರೆಯುವ ರೀತಿ ನಮ್ಮ ಕಡೆ ಒಂದೇ. ಮೊದಲು ಸಹಿ, ಬರಹ ಆಮೇಲೆ. ಹೊಲದ ಅಂಚಿನಲ್ಲಿ, ಬಿಸಿಲಿನಲ್ಲಿ ನಿಂತವರನ್ನು ಯಾಕೆ ಕಾಯಿಸಬೇಕು, ಕಚೇರಿಯಲ್ಲಿ ಕುಳಿತು ಛಂದಾಗಿ ಬರೆದರಾಯಿತು ಎಂಬ ಲೆಕ್ಕ. ಪಂಚರಾಗಿ ಮಾಸ್ತರರನ್ನೋ ಅಂಗಡಿಯವರನ್ನೋ ಕರೆಯುತ್ತಾರೆ. ಕರೆಸಿಕೊಂಡವನು ಹಾಳೆಯ ಕೆಳಗೆ ಸಹಿ ಮಾಡುತ್ತಾನೆ. ‘ಬರೆದ ಮೇಲೆ ಓದಿ ಸಹಿ ಮಾಡುತ್ತೇನೆ’ ಎಂದರೆ ಕರೆದವನ ಮೇಲೆ ನಂಬಿಕೆ ಇಲ್ಲವೆಂದು ಮುಖಕ್ಕೇ ಹೇಳಿದಂತೆ. ಹಾಗೆ ಹೇಳಿದವರನ್ನು ನಾನು ಕಂಡಿಲ್ಲ. ನಾನೂ ಹೇಳಲಿಲ್ಲ. ಅವನ ಬೆನ್ನಿನ ಮೇಲೆ ಹಾಳೆ ಇಟ್ಟು ಸಹಿ ಮಾಡಿದೆ. ಹೆಬ್ಬೆರಳಿಗೆ ಮಸಿ ಹತ್ತಿತ್ತು, ಹಾಳೆಯ ನಡುವೆ ಒಂದು ಕರಿಯ ಗುರುತು ಬಿತ್ತು.

"ಹಾಳಿ ಹೊಲಸು ಮಾಡಿದೆಲ್ಲೋ ಮಾಸ್ತರ."

"ಬ್ಯಾರೆ ಹಾಳಿ ಕೊಡು."

"ಇರ್ಲಿ ಬಿಡು. ಬೆಂಕಿ ಆರಸಾಕ ಹೋಗಿದ್ದಕ್ಕ ಸಾಕ್ಷಿ ಆತು."

ನಗುತ್ತ ಹೋದೆವು.

ಗುರುವಾರ ಮಧ್ಯಾಹ್ನ ಊಟದ ಬೆಲ್ಲಿನ ಹೊತ್ತಿಗೆ ಕುರಿಗಾರನ ಹೆಂಡತಿ ಶಾಲೆಯ ಗೇಟಿಗೆ ಬಂದಳು. ಒಳಗೆ ಕರೆದರೆ ಬರಲಿಲ್ಲ. ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಜೆರಾಕ್ಸ್ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು.

"ಮಾಸ್ತರ್ರ, ಇದರಾಗ ನಿಮ್ಮ ಸಹಿ ಐತಂತ. ಹೌದೇನ್ರಿ?"

ಬಿಡಿಸಿದೆ. ಮೊದಲು ಕಂಡದ್ದು ಹೆಬ್ಬೆರಳಿನ ಗುರುತು. ಜೆರಾಕ್ಸಿನಲ್ಲಿ ಅದು ಬೂದಿಯ ಬಣ್ಣವಾಗಿತ್ತು. ಅದರ ಮೇಲೆ ಹಾದು ಸಾಲುಗಳು. ‘ಬೆಳಿಗ್ಗೆ ಎಂಟು ಗಂಟೆಗೆ ವೀಕ್ಷಣಾ ಗೋಪುರದ ಮೇಲಿನಿಂದ ನೋಡಲಾಗಿ, ಸದರಿ ಕುರಿಗಾಹಿಯು ಕುರಿದೊಣೆಯ ಹತ್ತಿರ ಒಣಹುಲ್ಲಿಗೆ ಬೆಂಕಿ ಹಚ್ಚಿ ಹೋಗುವುದನ್ನು ಪಂಚನಾದ ನಾನು ಕಣ್ಣಾರೆ ಕಂಡಿರುತ್ತೇನೆ. ಸದರಿಯವನ ಬಲಗೈಗೆ ಸುಟ್ಟ ಗಾಯವಿರುತ್ತದೆ.’ ಕೆಳಗೆ ನನ್ನ ಸಹಿ. ನನ್ನದೇ. ಕೊನೆಯ ಅಕ್ಷರದ ಬಾಲವನ್ನು ನಾನು ಎಡಕ್ಕೆ ಎಳೆಯುತ್ತೇನೆ, ಹಾಗೆಯೇ ಎಳೆದಿತ್ತು.

ನಿಂತಲ್ಲೇ ಎರಡು ಸಲ ಓದಿದೆ. ಅವಳು ನನ್ನ ಮುಖವನ್ನು ನೋಡುತ್ತಿದ್ದಳು.

"ಹುಲ್ಲು ಚಿಗರ್ಲಂತ ನಮ್ಮ ಮನಿಯವನ ಹಚ್ಯಾನಂತ. ಕಚೇರಿಯವರು ಈ ಕಾಗದ ಕೊಟ್ಟು ಹಟ್ಟಿ ಕೀಳ್ರಿ ಅಂದಾರ. ಸೋಮವಾರ ಸಾಹೇಬ್ರ ಮುಂದ ನೀವು ಬಂದು ಹೌದು ಅಂದ್ರ ಕೋರ್ಟಿಗಿ ಹೋಗ್ತತಂತ. ನೋಡೀರೇನ್ರಿ ನೀವು?"

‘ಇಲ್ಲ’ ಎನ್ನುವ ಬದಲು ಮತ್ತೆ ಕಾಗದ ನೋಡಿದೆ. ಈಗಲೂ ಅದು ನನ್ನನ್ನು ಚುಚ್ಚುತ್ತದೆ.

"ನೋಡಿದ್ರ ನೋಡೀನಿ ಅನ್ರಿ. ಮನಿಗಿ ಹೋಗಿ ಅವನ್ನ ಕೇಳ್ತೀನಿ. ನೋಡಿಲ್ಲಂದ್ರ ನಿಮ್ಮನ್ನ ಕೇಳ್ತೀನಿ" ಎಂದಳು.

"ಭಾನುವಾರದವರೆಗೆ ತಡಿಯವ್ವ" ಎಂದೆ. ಅವಳು ಕಾಗದವನ್ನು ಇಸಿದುಕೊಂಡು ಅದೇ ಮಡಿಕೆಗಳಲ್ಲಿ ಮಡಿಚಿ ಗಂಟು ಹಾಕಿಕೊಂಡಳು. ಹೋಗುವಾಗ ಹಿಂದಿರುಗಿ ನೋಡಲಿಲ್ಲ. ಒಂಬತ್ತು ವರ್ಷ ಅವಳ ಕೈಯ ಚಹಾ ಕುಡಿದಿದ್ದೆ.

ಸಂಜೆ ಗೆಳೆಯನಿಗೆ ಫೋನು ಮಾಡಿದೆ.

"ಏನ್ಲೇ ಮಾಸ್ತರ, ಸಾಲಿ ಬಿಡ್ತೇನು?"

"ಪಂಚನಾಮಿಯೊಳಗ ಏನು ಬರಸೀಯೋ?"

"ಏನು ಆಗೈತಿ ಅದನ್ನ."

"ನಾ ಯಾರನ್ನೂ ನೋಡಿಲ್ಲ."

"ನೋಡೀಯಲೇ. ಹೊಗಿ ಎದ್ದಾಗ ನಾ ಕೈಮಾಡಿ ತೋರಿಸಿದ್ನೆಲ್ಲ, ಅಲ್ಲಿ ನೋಡು ಕಂಬಳಿ ಹೊಂಟೈತಿ ಅಂತ. ನೀ ಹ್ಞೂಂ ಅಂದಿ. ಕನ್ನಡಕ ಒರಸ್ಕೋತ ನಿಂತಿದ್ದಿ, ನಿನಗ ನೆನಪಿಲ್ಲ."

ಫೋನಿಟ್ಟೆ. ಕನ್ನಡಕ ಒರೆಸಿದ್ದೆನೇ? ಒರೆಸಿರಬಹುದು. ಹ್ಞೂಂ ಎಂದಿದ್ದೆನೇ? ಅವನು ಏನು ಹೇಳಿದರೂ ನಾನು ಹ್ಞೂಂ ಎನ್ನುತ್ತಿದ್ದವನೇ. ಶುಕ್ರವಾರ ತರಗತಿಯಲ್ಲಿ ಒಂದು ಲೆಕ್ಕವನ್ನು ಎರಡು ಸಲ ತಪ್ಪು ಮಾಡಿದೆ. ಶನಿವಾರದ ಹೊತ್ತಿಗೆ ಎಮ್ಮೆಗುಂಡಿನ ಪಕ್ಕ ಒಂದು ಕಂಬಳಿ ನಡೆದು ಹೋಗುವುದು ನನ್ನ ಕಣ್ಣಿಗೆ ಕಾಣತೊಡಗಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಅವನು ನನ್ನ ಸಹಿಯನ್ನು ತೆಗೆದುಕೊಂಡಿದ್ದ. ಈಗ ನನ್ನ ನೆನಪಿಗೂ ಕೈ ಹಾಕಿದ್ದ. ತೋರಿಸಿದವನ ಮಾತನ್ನು ಬಿಟ್ಟು, ತೋರಿಸಿದ ಜಾಗವನ್ನು ನಾನೇ ಹೋಗಿ ನೋಡಬೇಕೆಂದು ನಿಶ್ಚಯಿಸಿದೆ.

ಭಾನುವಾರ ಐದು ಗಂಟೆಗೇ ಹಟ್ಟಿಗೆ ಹೋದೆ. ಬೇಲಿಯ ಅರ್ಧ ಮುಳ್ಳು ಆಗಲೇ ಕಿತ್ತಿತ್ತು. ಕುರಿಗಾರ ಗುಡಿಸಲಿನ ಮುಂದೆ ಕೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ. ನನ್ನನ್ನು ನೋಡಿ ಎದ್ದು ಕುರಿಗಳ ಕಡೆ ಹೋದ. ಹೆಂಡತಿ ನಿಂತೇ ಇದ್ದಳು. ಚಹಾ ಬೇಕೇ ಎಂದು ಕೇಳಲಿಲ್ಲ.

"ಟವರ್ ಮ್ಯಾಲಿಂದ ದೊಣಿ ಕಾಣ್ತದೋ ಇಲ್ಲೋ ನೋಡಾಕ ಹೊಂಟೀನವ್ವ."

"ಅದನ್ನ ಇಷ್ಟು ವರ್ಷ ನೋಡಿಲ್ಲೇನ್ರಿ?"

"ಆ ಕಡಿ ನೋಡೀನಿ. ದೊಣಿ ನೋಡೀನೇನಂತ ಕೇಳಿದ್ರ ಹೇಳಾಕ ಬರವಲ್ದು."

ಅವಳು ಒಳಗೆ ಹೋಗಿ ಆ ತೂತು ಬಿದ್ದ ಕಂಬಳಿಯನ್ನೂ ಒಂದು ಉದ್ದನೆಯ ಗಳುವನ್ನೂ ತಂದಳು. "ನಡೀರಿ. ನಾ ದೊಣಿ ಹತ್ರ ನಿಂದರ್ತೀನಿ. ನೀವು ಮ್ಯಾಲಿಂದ ನೋಡ್ರಿ. ಕಂಬಳಿ ಕಂಡ್ರ ಅವ ಹಚ್ಯಾನಂತ ತಿಳ್ಕೋರಿ."

"ಹಂಗಲ್ಲವ್ವ. ಕಂಡ್ರ ನೋಡಾಕ ಬರ್ತದ ಅಂತ ಅಷ್ಟ. ಹಚ್ಚಿದ್ದು ಬ್ಯಾರೆ."

"ನೀವು ಭಾಳ ಲೆಕ್ಕದವರು ಬಿಡ್ರಿ" ಎಂದಳು. ಆ ಮಾತಿನಲ್ಲಿ ಹೊಗಳಿಕೆ ಇರಲಿಲ್ಲ.

ಬಂಡಿದಾರಿ ಮುಗಿಯುವವರೆಗೆ ಅವಳು ಮುಂದೆ, ನಾನು ಹಿಂದೆ. ಕವಳಿ ಗಿಡಗಳ ಹತ್ತಿರ ಬಂದಾಗ ಅಭ್ಯಾಸದಂತೆ ಮಾತಾಡಲು ಹೊರಟೆ. ಏನೂ ತೋಚದೆ ಕೋಲಿನಿಂದ ಕಲ್ಲು ಬಡಿದೆ. ಅವಳು ತಾನಾಗಿ ಒಂದು ಮಾತು ಹೇಳಿದಳು. ಇಪ್ಪತ್ತು ವರ್ಷದಿಂದ ಈ ಗುಡ್ಡದ ಬುಡದಲ್ಲಿದ್ದೇವೆ, ನಮ್ಮಲ್ಲಿ ಯಾರೂ ಆ ಟವರು ಹತ್ತಿಲ್ಲ, ಹತ್ತಬಾರದೆಂದು ಹೇಳಿದ್ದಾರೆ, ಮೇಲಿನಿಂದ ನಮ್ಮನ್ನು ನೋಡುತ್ತಾರೆ ಎಂದು ಗೊತ್ತು, ಏನು ಕಾಣುತ್ತದೆ ಎಂದು ಗೊತ್ತಿಲ್ಲ. ಸಂದಿಯ ಹತ್ತಿರ ದಾರಿ ಎರಡಾಗುತ್ತದೆ. ನಾನು ಕೂಗುವವರೆಗೆ ಕಂಬಳಿಯನ್ನು ಗಳುವಿಗೆ ಕಟ್ಟಿ ಎತ್ತಿ ಹಿಡಿದಿರಬೇಕೆಂದು ಹೇಳಿದೆ. ಅವಳು ದೊಣೆಯ ಕಡೆ ಹೋದಳು.

ನೆತ್ತಿ ತಲುಪಿದಾಗ ಏಳೂ ಇಪ್ಪತ್ತು. ಹದಿನೇಳನೆಯ ಮೆಟ್ಟಿಲು ಕಿರ್ರೆಂದಿತು. ಮೇಲೆ ಹೋಗಿ ಮೊದಲು ಕನ್ನಡಕ ಒರೆಸಿದೆ. ಆಮೇಲೆ ಪಡುವಣದ ಕಂಬಿ ಹಿಡಿದು ನಿಂತೆ.

ಎಮ್ಮೆಗುಂಡು ಕಂಡಿತು. ಅದರ ಬೆನ್ನು, ಬೆನ್ನಿನ ಆಚೆ ಸುಟ್ಟ ಇಳಿಜಾರಿನ ಮೇಲ್ಭಾಗದ ಒಂದು ಕರಿಯ ಪಟ್ಟಿ. ದೊಣೆ ಕಾಣಲಿಲ್ಲ. ಕಂಬಳಿ ಕಾಣಲಿಲ್ಲ. ಎಡಕ್ಕೆ ಸರಿದು ನೋಡಿದೆ, ಬಲಕ್ಕೆ ಸರಿದು ನೋಡಿದೆ, ನಾಲ್ಕೂ ಮೂಲೆಗಳಿಂದ ನೋಡಿದೆ, ಕಂಬಿಯ ಕೆಳಗಿನ ಸರಳಿನ ಮೇಲೆ ಕಾಲಿಟ್ಟು ಎತ್ತರಿಸಿಕೊಂಡು ನೋಡಿದೆ. ಕಲ್ಲಿನ ಬೆನ್ನು ಅಷ್ಟೇ. ಆಗ ಕಲ್ಲಿನ ಆಚೆಯಿಂದ, ಕುರಿ ಕರೆಯುವ ಉದ್ದನೆಯ ದನಿಯಲ್ಲಿ ಅವಳ ಕೂಗು ಬಂತು.

"ಮಾಸ್ತರ್ರೀ... ಕಾಣ್ತೀನೇನ್ರೀ..."

ದನಿ ಸ್ಪಷ್ಟವಾಗಿತ್ತು. ಅವಳು ಕಾಣಲಿಲ್ಲ. ಆ ಕಡೆ ಹೋಗುವ ದಾರಿಯೂ ಕಲ್ಲಿನ ಮರೆಯಲ್ಲೇ ಇಳಿದು ಹೋಗುತ್ತದೆ. ಅಲ್ಲಿ ನಡೆದುಹೋಗುವ ಕಂಬಳಿಯನ್ನು ಕನ್ನಡಕ ಇದ್ದವನಾಗಲಿ ಇಲ್ಲದವನಾಗಲಿ ಇಲ್ಲಿಂದ ನೋಡಲು ಸಾಧ್ಯವಿಲ್ಲ. ನನ್ನ ಕಣ್ಣಿಗೆ ಹಿಂದಿನ ದಿನದಿಂದ ಕಾಣುತ್ತಿದ್ದ ಕಂಬಳಿ ಅವನು ಹೆಣೆದು ಕೊಟ್ಟದ್ದು. ಟವರಿನ ನೆಲದ ಮೇಲೆ ಕುಳಿತೆ.

ಹದಿನೇಳನೆಯ ಮೆಟ್ಟಿಲು ಮತ್ತೆ ಕಿರ್ರೆಂದಿತು.

ಅವನ ತಲೆ ಕಂಡಿತು, ಆಮೇಲೆ ಹೆಗಲಿನ ಫ್ಲಾಸ್ಕು. "ಒಬ್ಬನ ಬಂದೀಯೇನಲೇ? ಒಂದು ಮಾತು ಹೇಳಬಾರದಾ? ಕರಡಿ ಹಿಡದಿದ್ರ ನಿಂದೂ ಪಂಚನಾಮಿ ನಾನ ಮಾಡ್ಬೇಕಾಗ್ತಿತ್ತು" ಎಂದು ಎಂದಿನಂತೆ ನಕ್ಕ. ಫ್ಲಾಸ್ಕಿನ ಮುಚ್ಚಳದಲ್ಲಿ ನನಗೆ, ಸ್ಟೀಲಿನ ಲೋಟದಲ್ಲಿ ತನಗೆ ಚಹಾ ಸುರಿದ.

"ದೊಣಿ ಎಲ್ಲೈತಿ ತೋರಿಸು" ಎಂದೆ.

ತಿರುಗಿ ನೋಡದೆಯೇ ಕೈಮಾಡಿದ. "ಅಲ್ಲಿ."

"ಅಲ್ಲಿ ಎಮ್ಮಿಗುಂಡು ಐತಿ."

"ಅದರ ಹಿಂದ ದೊಣಿ."

"ಅದರ ಹಿಂದ ಇದ್ದದ್ದು ನನಗ ಹೆಂಗ ಕಂಡೀತು?"

ಅವನು ಲೋಟ ಊದಿದ. ಕುಡಿಯಲಿಲ್ಲ. ಆಗ ಕೆಳಗಿನಿಂದ ಮತ್ತೊಮ್ಮೆ ಅವಳ ಕೂಗು ಬಂತು. ಅದು ಯಾರ ದನಿ ಎಂದು ಅವನು ಕೇಳಲಿಲ್ಲ. ಗೊತ್ತಾಯಿತು.

"ಬೆಂಕಿ ಬೀಳೂ ಹಿಂದಿನ ದಿನ ನನ್ನ ಹೆಂಡ್ತಿ ತಮ್ಮ ಬಂದಿದ್ದ" ಎಂದ. "ನಾಕು ಮಂದಿ ಗೆಳ್ಯಾರ್ನ ಕರಕೊಂಡು. ದೊಣಿ ಹತ್ರ ಕೋಳಿ ಮಾಡಿದ್ರು. ಬ್ಯಾಡ ಅಂದೆ. ಭಾವ, ಒಂದ ಸಲ ಅಂದ್ರು. ಒಲಿ ಆರಿಸೀವಿ ಅಂದ್ರು, ನಂಬಿದೆ. ಕೊರಡು ಒಳಗ ಹೊಗಿಯಾಡ್ತಿತ್ತೇನೋ, ಮುಂಜಾನೆ ಗಾಳಿಗಿ ಹತ್ತಿಕೊಂಡತಿ."

"ಮೂರು ಕಲ್ಲು ಒದ್ದಿ."

"ಒದ್ದೆ."

"ನನ್ನ ಮುಂದನ."

"ನೀ ನೋಡಾಕತ್ತಿದ್ದಿ ಅಂತ ಗೊತ್ತಿತ್ತು. ನಿನಗ ತಿಳಿಯಂಗಿಲ್ಲ ಅಂತನೂ ಗೊತ್ತಿತ್ತು." ಕಂಬಿಗೆ ಒರಗಿ, "ಹದಿನಾರು ವರ್ಷ ದಿನಗೂಲಿ ಮಾಡೀನಲೇ. ಈ ಸಲ ಖಾಯಂ ಪಟ್ಟಿಯೊಳಗ ಹೆಸರೈತಿ. ನನ್ನ ಮನಿ ಮಂದೀನ ಬೆಂಕಿ ಹಚ್ಯಾರಂದ್ರ ಪಟ್ಟಿ ಅಲ್ಲ, ಈ ಕಾವಲಿನ ಕೋಲೂ ಕಸಗೋತಾರ" ಎಂದ.

"ನನಗ ಹೇಳ್ಬಹುದಿತ್ತು."

"ಹೇಳಿದ್ರ ಸಹಿ ಮಾಡ್ತಿದ್ದೇನು?"

"ಇಲ್ಲ."

"ಅದಕ್ಕ ಹೇಳ್ಲಿಲ್ಲ."

ಇಷ್ಟು ನೇರವಾದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಮುಚ್ಚಳದ ಚಹಾದಲ್ಲಿ ಒಂದು ಇರುವೆ ಬಿದ್ದಿತ್ತು. ಅದನ್ನೇ ನೋಡುತ್ತ ಕೇಳಿದೆ, "ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು?"

"ಬ್ಯಾರೆಯವರ ಮಾತಿಗಿ ಸಾಹೇಬ್ರು ನೂರು ಪ್ರಶ್ನಿ ಕೇಳ್ತಾರ. ನಿನ್ನ ಸಹಿ ನೋಡಿ ಒಂದೂ ಕೇಳ್ಲಿಲ್ಲ. ಆ ಮಾಸ್ತರ ಸುಮಾರು ಅನ್ನೋ ಮನಶ್ಯಾ ಅಲ್ಲ ಅಂದ್ರು." ಅವನು ಇದನ್ನು ಹೊಗಳಿಕೆಯಂತೆಯೇ ಹೇಳಿದ. "ಅವ್ರಿಗೇನೂ ಆಗಂಗಿಲ್ಲೋ. ಕುರಿ ಹೊಡಕೊಂಡು ಆ ಕಡಿ ಹೋಗ್ತಾರ. ಇಲ್ಲೂ ಹುಲ್ಲ, ಅಲ್ಲೂ ಹುಲ್ಲ."

"ಬೆಂಕಿ ಆರಸಾಕ ಬಂದು ಕೈ ಸುಟಗೊಂಡ. ಆ ಗಾಯಾನೂ ಬರಸೀದಿ."

ಅವನು ಲೋಟದ ಚಹಾವನ್ನು ಕಂಬಿಯ ಆಚೆ ಚೆಲ್ಲಿದ. ಅದು ಕೆಳಗಿನ ಬಂಡೆಗೆ ಬೀಳುವವರೆಗೆ ಇಬ್ಬರೂ ನೋಡಿದೆವು.

"ನಾಳೆ ಬಂದು ಏನು ಹೇಳ್ತೀ?"

"ಕಂಡದ್ದು."

"ಮೂವತ್ತು ವರ್ಷದ ದೋಸ್ತಿ ಮಾಸ್ತರ."

"ನಾನೂ ಅದನ್ನ ಲೆಕ್ಕ ಮಾಡಾಕತ್ತೀನಿ" ಎಂದೆ. ಮುಚ್ಚಳವನ್ನು ತುಂಬಿದಂತೆಯೇ ಕೆಳಗಿಟ್ಟು ಇಳಿದೆ. ಅವನು ಹಿಂದೆ ಬರಲಿಲ್ಲ. ಇಳಿಯುವಾಗ ನೆನಪಾದದ್ದು ಕರಡಿಯ ಹುತ್ತ, ಬೋರ್ಡು ನೋಡಿ ಹಾಳಾದ ಕಣ್ಣು, ಅವನ ಬೆನ್ನಿನ ಮೇಲಿಟ್ಟ ಹಾಳೆ. ಸಹಿ ಮಾಡುವಾಗ ಪೆನ್ನಿನ ಮೊನೆ ಅವನ ಬೆನ್ನಿಗೆ ಒತ್ತುತ್ತಿತ್ತು. ಯಾವ ಸಾಲುಗಳು ಮೇಲೆ ಬರುತ್ತವೆ ಎಂದು ಅವನಿಗೆ ಆಗಲೇ ಗೊತ್ತಿತ್ತೇ, ಇಲ್ಲ ಕಚೇರಿಗೆ ಹೋದ ಮೇಲೆ ಹೊಳೆಯಿತೇ? ಕೇಳಬೇಕಿತ್ತು. ಕೇಳಲಿಲ್ಲ. ಇಂದಿಗೂ ಗೊತ್ತಿಲ್ಲ.

ದೊಣೆಯ ಹತ್ತಿರ ಹೋದರೆ ಅವಳು ಇನ್ನೂ ಗಳುವನ್ನು ಎತ್ತಿ ಹಿಡಿದು ನಿಂತಿದ್ದಳು. ಕೂಗುತ್ತೇನೆ ಎಂದವನು ಮರೆತಿದ್ದೆ. ನಲವತ್ತು ನಿಮಿಷ. ಅವಳ ತೋಳು ನಡುಗುತ್ತಿತ್ತು. ಕಂಬಳಿಯ ತೂತಿನಿಂದ ಬಿಸಿಲು ಅವಳ ಹೆಗಲ ಮೇಲೆ ಬಿದ್ದಿತ್ತು.

"ಕಂಡ್ನೇನ್ರಿ?"

"ಇಲ್ಲವ್ವ. ಕಾಣಲಿಲ್ಲ. ಇಳಸು."

ಅವಳು ಗಳುವನ್ನು ಇಳಿಸಿ ಕಂಬಳಿ ಬಿಚ್ಚಿದಳು. ನಾನು ಮೇಲೆ ನಡೆದದ್ದನ್ನೂ, ಖಾಲಿ ಹಾಳೆಗೆ ಸಹಿ ಮಾಡಿದ್ದನ್ನೂ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ದೊಣೆಯ ನೀರಿನಲ್ಲಿ ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಒಂದೇ ಮಾತು ಕೇಳಿದಳು.

"ನನ್ನ ಮಗಳು ನಿಮ್ಮ ಸಾಲ್ಯಾಗ ಓದೂವಾಗ ಖಾಲಿ ಪೇಪರ್ ಕೊಟ್ರ ಮಾರ್ಕ್ಸ್ ಹಾಕ್ತಿದ್ದಿರೇನ್ರಿ?"

ಸೋಮವಾರ ಕಚೇರಿಯಲ್ಲಿ ಸಾಹೇಬರು ಕಡತ ತೆಗೆದರು. ಮೂಲ ಹಾಳೆಯಲ್ಲಿ ಮಸಿಯ ಗುರುತು ಕರಿಯಾಗಿಯೇ ಇತ್ತು, ನೀಲಿ ಅಕ್ಷರಗಳು ಅದರ ಮೇಲೆ ಹಾದು ಹೋಗಿದ್ದವು. ನಾನು ಅದನ್ನು ತೋರಿಸಿ, ಸಹಿ ಮಾಡಿದಾಗ ಹಾಳೆ ಖಾಲಿ ಇತ್ತು ಎಂದೆ.

"ಹಂಗಂತ ನೀವ ಬರಕೊಡ್ತೀರೇನ್ರಿ ಮಾಸ್ತರ್ರ? ಸರ್ಕಾರಿ ನೌಕರರು ನೀವು. ನಾಳೆ ನಿಮಗೂ ತ್ರಾಸ ಆಗ್ತತಿ."

"ಬರಕೊಡ್ತೀನ್ರಿ."

ಹೊರಗಿನ ಜಗಲಿಯ ಮೇಲೆ ಕುಳಿತು ಬರೆದೆ. ಹೊಗೆ ಕಂಡೆ. ಮನುಷ್ಯನನ್ನು ಕಾಣಲಿಲ್ಲ. ಟವರಿನಿಂದ ದೊಣೆ ಕಾಣುವುದಿಲ್ಲ, ಬೇಕಾದರೆ ಬಂದು ನೋಡಬಹುದು. ಕುರಿಗಾರ ಆಮೇಲೆ ಕೆಳಗಿನಿಂದ ಬಂದು ಬೆಂಕಿ ಆರಿಸಿದ್ದನ್ನು, ಅದರಲ್ಲಿ ಕೈ ಸುಟ್ಟುಕೊಂಡದ್ದನ್ನು ಕಂಡೆ. ಮೂರು ಕಲ್ಲು, ಕಾಗದದ ತಟ್ಟೆಯ ಅಂಚುಗಳು ಕಂಡೆ. ಆ ಕಲ್ಲುಗಳನ್ನು ಒದ್ದವನನ್ನು ಕಂಡೆ. ಯಾರು ಹಚ್ಚಿದರೆಂದು ಕಾಣಲಿಲ್ಲ, ಟವರಿನ ಮೇಲೆ ಅವನು ನನಗೆ ಹೇಳಿದ್ದು ಇದು ಎಂದು ಅವನ ಮಾತನ್ನು ಬೇರೆಯಾಗಿ ಬರೆದೆ. ಅವನು ಗೇಟಿನ ಹತ್ತಿರ ಬೈಕಿಗೆ ಒರಗಿ ನಿಂತಿದ್ದ. ‘ಒದ್ದವನು’ ಎಂದು ಬರೆಯುವಾಗ ಒಮ್ಮೆ ತಲೆ ಎತ್ತಿದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದ. ಪಟ್ಟಿಯ ವಿಷಯ ಏನಾಯಿತೆಂದು ನಾನು ಆಮೇಲೂ ವಿಚಾರಿಸಿಲ್ಲ. ಅಂದಿನಿಂದ ಆ ಟವರು ಹತ್ತಿಲ್ಲ.

ಕುರಿಗಾರ ಮತ್ತು ಅವನ ಹೆಂಡತಿ ಬೇವಿನ ಮರದ ಕೆಳಗೆ ಕುಳಿತಿದ್ದರು. ಸಹಿ ಮಾಡುವ ಮುನ್ನ ಅವಳು ಎದ್ದು ಬಂದಳು.

"ಓದಿ ಹೇಳ್ರಿ."

ಓದಿದೆ. ಗಂಡನೂ ದೂರದಿಂದಲೇ ಕತ್ತು ಈ ಕಡೆ ತಿರುಗಿಸಿ ಕೇಳಿಸಿಕೊಂಡ. ‘ಮನುಷ್ಯನನ್ನು ಕಾಣಲಿಲ್ಲ’ ಎಂಬಲ್ಲಿ ಅವಳು ಕೈ ಎತ್ತಿ ನಿಲ್ಲಿಸಿದಳು. "ಅದನ್ನ ಇನ್ನೊಮ್ಮೆ ಓದ್ರಿ." ಓದಿದೆ. ಕೊನೆಯವರೆಗೆ ಓದಿ ಮುಗಿಸಿ, ಹಾಳೆಯ ಕೆಳಗೆ ಸಹಿ ಮಾಡಿದೆ. ಕೊನೆಯ ಅಕ್ಷರದ ಬಾಲ ಎಡಕ್ಕೆ ಹೋಯಿತು.

ಅವಳು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಓದಲು ಬಾರದ ಕಣ್ಣುಗಳು ಅದರ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿದವು. ಕೊನೆಯ ಸಾಲಿಗೂ ಸಹಿಗೂ ನಡುವೆ ನಾಲ್ಕು ಬೆರಳಿನಷ್ಟು ಬಿಳಿ ಉಳಿದಿತ್ತು. ಅಲ್ಲಿ ಬೆರಳಿಟ್ಟಳು.

"ಇಲ್ಲಿ ಯಾಕ ಖಾಲಿ ಬಿಟ್ಟೀರಿ?"

ಹಾಳೆಯನ್ನು ಇಸಿದುಕೊಂಡು, ಆ ಬಿಳಿಯ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಒಂದು ಸಾಲದೆನಿಸಿ ಇನ್ನೊಂದು ಎಳೆದೆ. ಅವಳು ಬಗ್ಗಿ ನೋಡಿ, ಆಮೇಲೆ ಗಂಡನ ಕಡೆ ತಿರುಗಿ ತಲೆಯಾಡಿಸಿದಳು.